ಬೆನ್ನ ಮೇಲಿನ ಪೆಟ್ಟಿಗೆ

ನಾಲ್ಕು ಸಂಜೆ ಕೂತು ಒಂದು ಚೌಕಳಿ ನಿಲುವಂಗಿ ಹೊಲಿದೆ. ಹಸಿರು, ಕಪ್ಪು, ಹಸಿರು, ಕಪ್ಪು. ತಂಗಿಯ ಮಗಳಿಗೆ ಬೇಕಾದಷ್ಟು ದೊಡ್ಡ ಚೌಕಳಿಯ ಬಟ್ಟೆ ಅಂಗಡಿಯಲ್ಲಿ ಸಿಗಲಿಲ್ಲ. ಹಾಗಾಗಿ ಎರಡು ಬಣ್ಣದ ಪಟ್ಟಿಗಳನ್ನು ಮೊದಲು ಉದ್ದಕ್ಕೆ ಜೋಡಿಸಿ, ಅಡ್ಡಕ್ಕೆ ಕತ್ತರಿಸಿ, ಒಂದು ಬಿಟ್ಟು ಒಂದನ್ನು ತಿರುಗಿಸಿ, ಕೌದಿಯ ಹಾಗೆ ಮತ್ತೆ ಹೊಲಿದೆ. ಮೂಲೆಗಳೆಲ್ಲ ಕೂಡಿಬಂದವು ಅಂತ ಹೇಳಲಾರೆ.

ಹೊಲಿಗೆ ನಡೆದಿದ್ದಾಗ ಅವಳು ಕಥೆ ಹೇಳಿದಳು. ಈ ಚೌಕಳಿ ನಿಲುವಂಗಿ ತೊಡುವವನು ಇದ್ದಿಲು ಮಾರುವ ಹುಡುಗ ತಂಜಿರೊ. ರಕ್ಕಸನೊಬ್ಬ ಅವನ ಮನೆಯವರನ್ನೆಲ್ಲ ಕೊಂದ. ಉಳಿದವಳು ತಂಗಿ ನೆಜುಕೊ ಒಬ್ಬಳೇ, ಅವಳೂ ರಕ್ಕಸಿಯಾದಳು. ರಕ್ಕಸರಿಗೆ ಬಿಸಿಲು ಆಗದು. ಅದಕ್ಕೆ ಅಣ್ಣ ಹಗಲೆಲ್ಲ ಅವಳನ್ನು ಪೆಟ್ಟಿಗೆಯಲ್ಲಿಟ್ಟು ಬೆನ್ನ ಮೇಲೆ ಹೊತ್ತು ತಿರುಗುತ್ತಾನೆ. ಕೊಯೊಹಾರು ಗೊಟೊಗೆ ಬರೆದ ಈ ಚಿತ್ರಕಥೆ, ‘ಡೀಮನ್ ಸ್ಲೇಯರ್’, 2016ರಿಂದ 2020ರವರೆಗೆ ಜಪಾನಿನ ವಾರಪತ್ರಿಕೆಯಲ್ಲಿ ಬಂತು. ಅದು ಮುಗಿಯುವ ಮೊದಲೇ ಅನಿಮೆ, ಅಂದರೆ ಜಪಾನಿನ ಕಾರ್ಟೂನು, ಕೂಡ ಆಯಿತು.

“ನನಗೆಲ್ಲಿಂದ ಗೊತ್ತಾಗಬೇಕು ಈ ಅನಿಮೆ ಗಿನಿಮೆ” ಅಂದೆ. “ಮೋಗ್ಲಿ ನೋಡಿಲ್ವಾ ದೊಡ್ಡಮ್ಮ? ಅದೂ ಅನಿಮೆನೇ” ಅಂದಳು. ತೊಂಬತ್ತರ ದಶಕದ ಭಾನುವಾರಗಳಲ್ಲಿ ದೂರದರ್ಶನದ ಮುಂದೆ ಬೀದಿಯ ಮಕ್ಕಳೆಲ್ಲ ಕೂತು ನೋಡುತ್ತಿದ್ದ ಆ ಮೋಗ್ಲಿ 1989ರಲ್ಲಿ ಜಪಾನಿನಲ್ಲಿ ತಯಾರಾದದ್ದಂತೆ. ನಾನು ನಮ್ಮದೇ ಅಂದುಕೊಂಡಿದ್ದೆ.

ಅಂತೂ ಅನಿಮೆ ಅಭಿಮಾನಿಗಳು ವೇಷ ಹಾಕಿಕೊಂಡು ಸೇರುವ ಭಾನುವಾರ ಬಂತು. ಬೆಂಗಳೂರಿನ ಒಂದು ಸಣ್ಣ ಸಭಾಂಗಣ, ನಾಮಕರಣಕ್ಕೆ ಸರಿಹೋಗುವಷ್ಟು ಜಾಗ. ಸೇರಿದ್ದ ಜನ ಮಾತ್ರ ಮದುವೆಯದು. ಜಾಗ ನೋಡದೆ ಟಿಕೆಟ್ ಮಾರಿದವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಬಾಗಿಲಲ್ಲಿ ಅವಳ ಫೋಮಿನ ಕತ್ತಿಯನ್ನು ಬಗ್ಗಿಸಿ ನೋಡಿಯೇ ಒಳಗೆ ಬಿಟ್ಟರು. ಒಳಗೆ ನೀಲಿ ಕೂದಲು, ಬಿಳಿ ರೆಕ್ಕೆ, ಬೆವರು, ಅಂಟಿನ ವಾಸನೆ. ತಾವೇ ಬರೆದ ಚಿತ್ರಗಳ ಸ್ಟಿಕರ್ ಮಾರುವವರು ಒಂದು ಕಡೆ, ಕೀಚೈನ್ ಮಾರುವವರು ಇನ್ನೊಂದು ಕಡೆ. ತಿರುಗಿದರೆ ಒಬ್ಬರ ಕೊಂಬು ಇನ್ನೊಬ್ಬರ ಕಣ್ಣಿಗೆ.

ಇವಳ ಪೆಟ್ಟಿಗೆ ಮಿಕ್ಸಿ ಬಂದ ರಟ್ಟಿನ ಡಬ್ಬ, ಹಳೇ ಸ್ಕೂಲ್ ಬ್ಯಾಗಿನ ಪಟ್ಟಿ. ಹತ್ತು ನಿಮಿಷದಲ್ಲಿ ಯಾರದೋ ಗುರಾಣಿಗೆ ಸಿಕ್ಕಿ ಪಟ್ಟಿ ಕಿತ್ತುಬಂತು. ಅಳುವುದೊಂದು ಬಾಕಿ. ನಮ್ಮ ಕಾಲದ ಹೆಂಗಸರ ಬಳೆಯಲ್ಲಿ ಎರಡಾದರೂ ಪಿನ್ನು ಇದ್ದೇ ಇರುತ್ತದೆ. ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತು ಪಟ್ಟಿ ಸರಿಮಾಡಿದೆ. ತಲೆಯೆತ್ತಿದರೆ ಮುಂದೆ ಒಬ್ಬ ಹುಡುಗ, ಕೈಯಲ್ಲಿ ಹರಿದ ಮೇಲುಹೊದಿಕೆ. “ಆಂಟಿ, ಇನ್ನೊಂದು ಪಿನ್ ಇದೆಯಾ?” ಅವನ ಹಿಂದೆ ರೆಕ್ಕೆ ಜೋತುಬಿದ್ದ ಹುಡುಗಿ. ಕೈಚೀಲದಲ್ಲಿದ್ದ ಪಿನ್ನಿನ ಗೊಂಚಲು, ಸೂಜಿ, ಕರಿ ದಾರ ಎಲ್ಲ ಹೊರಗೆ ಬಂದವು. ಒಬ್ಬಳು ಗಂಭೀರವಾಗಿ ಕೇಳಿದಳು: “ನಿಮ್ಮದು ಯಾವ ಪಾತ್ರ ಆಂಟಿ?” ಉಟ್ಟಿದ್ದು ಇಳಕಲ್ ಸೀರೆ, ಏನಂತ ಹೇಳಲಿ!

ಅಲ್ಲೇ ಕೂತು ಒಂದು ಗಮನಿಸಿದೆ. ದುಡ್ಡು ಕೊಟ್ಟು ತರಿಸಿದ ಅಚ್ಚುಕಟ್ಟಾದ ವೇಷಗಳು ಬೇಕಾದಷ್ಟಿದ್ದವು. ಜನ ಫೋಟೊ ಕೇಳಿ, ತೆಗೆದುಕೊಂಡು, ಮುಂದೆ ಹೋಗುತ್ತಿದ್ದರು. ವಕ್ರ ಹೊಲಿಗೆ ಕಂಡಲ್ಲಿ ಮಾತ್ರ ಕಾಲು ನಿಲ್ಲುತ್ತಿತ್ತು. “ನೀವೇ ಮಾಡಿದ್ದಾ?” ಅನ್ನುವುದೇ ಮೊದಲ ಮಾತು. ಆಮೇಲೆ ಯಾವ ಅಂಟು, ಎಲ್ಲಿಯ ಬಟ್ಟೆ, ಎಷ್ಟು ದಿನ ಹಿಡಿಯಿತು, ಎಲ್ಲಾ ವಿಚಾರಣೆ.

ಟೋಕಿಯೊದಲ್ಲಿ ಇಂಥದ್ದೇ, ಕಾಮಿಕೆಟ್ ಎಂಬ ದೊಡ್ಡ ಸಂತೆ ನಡೆಯುತ್ತದೆ, ಲಕ್ಷಗಟ್ಟಲೆ ಜನ ಸೇರುತ್ತಾರೆ. ಅದು ಶುರುವಾದದ್ದು 1975ರ ಡಿಸೆಂಬರ್ 21ರಂದು, ಒಂದು ಸಭಾಕೊಠಡಿಯಲ್ಲಿ. ತಾವೇ ಬರೆದು ಅಚ್ಚು ಹಾಕಿಸಿದ ಪುಸ್ತಿಕೆ ಹಿಡಿದು ಬಂದ 32 ಗುಂಪುಗಳು, ಸುಮಾರು 700 ಜನ, ಹೆಚ್ಚಿನವರು ಶಾಲೆಯ ಹುಡುಗಿಯರು. ಅಲ್ಲಿ ಗಿರಾಕಿ ಎಂಬ ಮಾತೇ ಇಲ್ಲವಂತೆ. ಮಾರುವವರು, ಕೊಳ್ಳುವವರು, ಬಾಗಿಲು ಕಾಯುವವರು, ಎಲ್ಲರಿಗೂ ಒಂದೇ ಹೆಸರು: ಭಾಗವಹಿಸುವವರು. ಮನೆಗೆ ಬಂದ ಮೇಲೆ ಇದನ್ನು ಓದಿದೆ. ನನ್ನ ಖಾಲಿ ಬಳೆ ನೋಡಿಕೊಂಡೆ.

ಅಂದು ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಒಂದು ಪುಟ್ಟ ಹುಡುಗಿ, ತಾಯಿಯ ತೊಡೆಯ ಮೇಲೆ. ನಮ್ಮ ಪೆಟ್ಟಿಗೆಯಿಂದ ಕಣ್ಣು ತೆಗೆಯಲೇ ಇಲ್ಲ.

“ಅಕ್ಕ, ಅದರೊಳಗೆ ಏನಿದೆ?”

ಇದ್ದದ್ದು ಚಿತ್ರಾನ್ನದ ಖಾಲಿ ಡಬ್ಬಿ. ಇವಳು ಬಗ್ಗಿ ಪಿಸುಗುಟ್ಟಿದಳು: “ನನ್ನ ತಂಗಿ ಮಲಗಿದ್ದಾಳೆ. ಅವಳಿಗೆ ಬಿಸಿಲು ಆಗಲ್ಲ.”

ಮಗು ಒಮ್ಮೆ ಕಿಟಕಿಯಾಚೆ ನೋಡಿತು. ಮತ್ತೆ ತನ್ನ ಸ್ವೆಟರು ಬಿಚ್ಚಿ, ಎರಡೂ ತೋಳುಗಳನ್ನು ಎಳೆದೆಳೆದು ಸರಿಮಾಡಿ, ಪೆಟ್ಟಿಗೆಯ ಮೇಲೆ ಹೊದಿಸಿತು.