ಚಾರ್ಜ್ ಪಟ್ಟಿಯಲ್ಲಿ ಬರೆಯದ ಮಾತು
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳು)



ಒಂಬತ್ತನೇ ತರಗತಿಯಲ್ಲಿ ಸಮಾಜದ ಗುರುಗಳು ಕೇಳಿದ್ದರು: "ರಾಜ್ಯ ಬದಲಾದ್ರ ರೈತನ ಹೊಲದ ಲೆಕ್ಕ ಯಾರ ಕೈಯಾಗ ಇರತೈತಿ?" ಅಂದು ನಾವು ನಕ್ಕು ಸುಮ್ಮನಾದೆವು.

ನಮ್ಮ ಭಾಗ ಇಂಥ ಬದಲಾವಣೆಗಳನ್ನು ಬಹಳ ಕಂಡಿದೆ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆಯ ಜೊತೆ ಮೈಸೂರು ರಾಜ್ಯ ಸೇರಿದೆವು. 1997ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ಕೂಡಿ ಹೊಸ ಜಿಲ್ಲೆಯಾಯಿತು.

ನಮ್ಮ ಮನೆಯ ಟ್ರಂಕಿನಲ್ಲಿ ಅಜ್ಜನ ಹೊಲದ ಉರ್ದು ಕಾಗದವಿತ್ತು. ಅದನ್ನು ಓದಬಲ್ಲವರು ಊರಲ್ಲಿ ಒಬ್ಬರೇ. ಅವರು ತೀರಿಕೊಂಡ ಮೇಲೆ ಕಾಗದ ಇದ್ದೂ ಇಲ್ಲದಂತಾಯಿತು. ಒಂದು ಬದುವಿನ ತಕರಾರು ಅಪ್ಪನ ಕಾಲದವರೆಗೂ ಎಳೆಯಿತು.

ಅಮೆರಿಕದಲ್ಲಿ ನವೆಂಬರ್‌ನಲ್ಲಿ ಚುನಾವಣೆ, ಜನವರಿ 20ಕ್ಕೆ ಹೊಸ ಅಧ್ಯಕ್ಷರ ಪ್ರಮಾಣವಚನ. ಅಲ್ಲಿ ಅಧ್ಯಕ್ಷರ ಜೊತೆ ಸುಮಾರು ನಾಲ್ಕು ಸಾವಿರ ಹುದ್ದೆಗಳವರು ಬದಲಾಗುತ್ತಾರೆ. ಹೊಸಬರು ಮೊದಲೇ ತಯಾರಾಗಲೆಂದು 1964ರಲ್ಲಿ ಕಾನೂನನ್ನೇ ಮಾಡಿದರು. ನಮ್ಮಲ್ಲಿ ಮಂತ್ರಿಗಳು ಬದಲಾದರೂ ಕಚೇರಿಯ ನೌಕರರು ಇರುತ್ತಾರೆ. ವರ್ಗವಾದವರು ಚಾರ್ಜ್ ಪಟ್ಟಿಗೆ ಸಹಿ ಮಾಡಿ ಹೋಗುತ್ತಾರೆ. ಅದರಲ್ಲಿ ಬೀರು, ಕುರ್ಚಿ, ಕಡತ ಎಲ್ಲ ಇರುತ್ತವೆ. ತಲೆಯೊಳಗಿದ್ದ ತಿಳಿವಳಿಕೆ ಮಾತ್ರ ಇರುವುದಿಲ್ಲ.

ನಾನೂ ಈ ತಪ್ಪು ಮಾಡಿದ್ದೇನೆ. ಬೆಂಗಳೂರಿನ ಮೊದಲ ಕೆಲಸ ಬಿಡುವಾಗ ಎರಡೇ ದಿನದಲ್ಲಿ ಎಲ್ಲ ಒಪ್ಪಿಸಿದೆ ಎಂದು ಬೀಗಿದೆ. ತಿಂಗಳ ಕೊನೆಗೆ ಒಂದು ಪ್ರೋಗ್ರಾಂ ಕೈಯಿಂದ ಚಾಲೂ ಮಾಡಬೇಕೆಂಬುದನ್ನು ಬರೆದಿರಲಿಲ್ಲ. ನನ್ನ ಜಾಗಕ್ಕೆ ಬಂದ ಹುಡುಗ ರಾತ್ರಿಯಿಡೀ ಒದ್ದಾಡಿ, ಮರುದಿನ ಎಲ್ಲರೆದುರು ಬೈಸಿಕೊಂಡ. ತಪ್ಪು ನನ್ನದು, ಬೈಗುಳ ಅವನಿಗೆ.

ಅದಕ್ಕೇ ಈ ಮಾತು. ನಮ್ಮ ಮುಖ್ಯಗುರುಗಳು ಬರುವ ವರ್ಷ ನಿವೃತ್ತರಾಗುತ್ತಾರೆ. ಯಾವ ಮಗು ಸುಗ್ಗಿಯಲ್ಲಿ ಶಾಲೆ ಬಿಡುತ್ತದೆ, ಯಾರ ಮನೆಗೆ ಹೋಗಿ ಕರೆತರಬೇಕು ಎಂಬುದು ಅವರಿಗೆ ಗೊತ್ತು. ಅದು ಯಾವ ರಜಿಸ್ಟರ್‌ನಲ್ಲೂ ಇಲ್ಲ. ಗುರುಗಳೇ, ದಯವಿಟ್ಟು ಬರೆದಿಡಿ. ಬರೆಯಲು ಬೇಸರವಾದರೆ ಹೇಳಿರಿ, ನಾವು ಬರೆದುಕೊಳ್ಳುತ್ತೇವೆ. ದಸರಾ ರಜೆಗೆ ನಾನೂ ಇಬ್ಬರು ಗೆಳೆಯರೂ ಬಂದು ಐವತ್ತು ವರ್ಷದ ದಾಖಲಾತಿ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಶಾಲೆಗೆ ಒಪ್ಪಿಸುತ್ತೇವೆ.

ಮುಂದೆ ಬರುವವರಿಗೆ ನಮ್ಮ ಅಜ್ಜನ ಕಾಗದದ ಗತಿ ಬರಬಾರದು.