ಸ್ಕೋರ್ ಬಂತು, ಮುಂದೇನು?

(ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಮಾಡಿದ ಭಾಷಣದ ಪಠ್ಯ)



ಎಂಬಿಎ ಪ್ರವೇಶ ಪರೀಕ್ಷೆಯ ಬಗ್ಗೆ ಮಾತಾಡಲು ಚಾರ್ಟರ್ಡ್ ಅಕೌಂಟೆಂಟ್ ಒಬ್ಬನನ್ನು ಏಕೆ ಕರೆದರು ಎಂದು ನಿಮಗೆ ಅನ್ನಿಸಬಹುದು. ಟ್ಯಾಕ್ಸ್ ಸಮಯದಲ್ಲಿ ನನ್ನ ಬಳಿ ಬರುವ ನಮ್ಮವರಲ್ಲಿ ಕೆಲವರು ಡಬ್ಲ್ಯೂ-2 ಜೊತೆಗೆ ಒಂದು ಪ್ರಶ್ನೆಯನ್ನೂ ತರುತ್ತಾರೆ: "ಸರ್, ಜಿಮ್ಯಾಟ್‌ನಲ್ಲಿ ಇಷ್ಟು ಬಂದಿದೆ. ಕೆಲಸ ಬಿಟ್ಟು ಓದಬಹುದಾ?" ವೀಸಾ, ಮನೆ ಸಾಲ, ಊರಿಗೆ ಕಳಿಸುವ ಹಣ, ಎಲ್ಲವೂ ಆ ಒಂದು ಸಂಖ್ಯೆಗೆ ತಗಲಿಕೊಂಡಿರುತ್ತದೆ. ಹಾಗಾಗಿ ಅದನ್ನು ಸರಿಯಾಗಿ ಓದಲು ಕಲಿಯಬೇಕು.

ನಾವು ಎಸ್‌ಎಸ್‌ಎಲ್‌ಸಿ ಕಾಲದಿಂದಲೂ "ನೂರಕ್ಕೆ ಎಷ್ಟು?" ಎಂದು ಕೇಳಿಸಿಕೊಂಡು ಬೆಳೆದವರು. ಸಿಎ ಪರೀಕ್ಷೆಯಲ್ಲಿ ಪ್ರತಿ ಪೇಪರಿಗೆ 40, ಒಟ್ಟಾರೆ 50 ಪರ್ಸೆಂಟ್ ಬಂದರೆ ಪಾಸು, ಇಲ್ಲದಿದ್ದರೆ ಮತ್ತೆ ಬರೆಯಬೇಕು. ಜಿಮ್ಯಾಟ್‌ನಲ್ಲಿ ಪಾಸು, ಫೇಲು ಎಂಬುದೇ ಇಲ್ಲ. ಅಲ್ಲಿ ನೋಡಬೇಕಾದದ್ದು ಮೂರು.

ಮೊದಲನೆಯದು ಅಳತೆಗೋಲು. ಹಳೆಯ ಜಿಮ್ಯಾಟ್ 200ರಿಂದ 800ರವರೆಗೆ ಇತ್ತು. 2023ರ ನವೆಂಬರ್‌ನಲ್ಲಿ ಹೊಸ ಪರೀಕ್ಷೆ ಬಂತು. ಕ್ವಾಂಟ್, ವರ್ಬಲ್, ಡೇಟಾ ಇನ್‌ಸೈಟ್ಸ್ ಎಂಬ ಮೂರು ಭಾಗ, ಒಂದೊಂದಕ್ಕೆ 45 ನಿಮಿಷ, ಮೂರಕ್ಕೂ ಸಮಾನ ತೂಕ. ಪ್ರಬಂಧ ಇಲ್ಲ. ಒಟ್ಟು ಸ್ಕೋರ್ 205ರಿಂದ 805, ಯಾವಾಗಲೂ 5ರಲ್ಲೇ ಮುಗಿಯುತ್ತದೆ. ಕಳೆದ ವರ್ಷ ಬಿಡಿಭಾಗಗಳ ಕಂಪನಿಯ ಇಂಜಿನಿಯರ್ ಒಬ್ಬರು 645 ತೋರಿಸಿ, "ನಮ್ಮ ಸೀನಿಯರ್‌ಗೆ 700 ಬಂದಿತ್ತು ಸರ್, ನಾನು ಅರ್ಜಿ ಹಾಕುವುದಿಲ್ಲ" ಎಂದರು. ಸೀನಿಯರ್ ಬರೆದದ್ದು ಹಳೆಯ ಪರೀಕ್ಷೆ. ಅಲ್ಲಿನ 700 ಇಲ್ಲಿನ 645ಕ್ಕೆ ಹೆಚ್ಚುಕಡಿಮೆ ಸಮ. ಸೇರನ್ನೂ ಕಿಲೋವನ್ನೂ ಒಂದೇ ತಕ್ಕಡಿಗೆ ಹಾಕಿದ ಹಾಗಾಗಿತ್ತು. ಅರ್ಜಿ ಹಾಕಿದರು. ಎರಡು ಕಡೆ ಸಿಗಲಿಲ್ಲ, ಒಂದು ಕಡೆ ಸಿಕ್ಕಿತು.

ಎರಡನೆಯದು ಪರ್ಸೆಂಟೈಲ್. ಇದು ಪರ್ಸೆಂಟ್ ಅಲ್ಲ. 87ನೇ ಪರ್ಸೆಂಟೈಲ್ ಎಂದರೆ ನೂರು ಜನ ಬರೆದಿದ್ದರೆ ಸುಮಾರು 87 ಮಂದಿ ನಿಮಗಿಂತ ಹಿಂದಿದ್ದಾರೆ ಎಂದರ್ಥ. ಊರಿನಲ್ಲಿ ಸಿಎಟಿ ಬರೆದವರಿಗೆ ಇದು ಹೊಸದಲ್ಲ. ಪ್ರತಿ ಭಾಗಕ್ಕೂ ಅಂಕ 60ರಿಂದ 90. ಆದರೆ ಕ್ವಾಂಟ್‌ನಲ್ಲಿ ಬಂದ ಅಂಕವೇ ವರ್ಬಲ್‌ನಲ್ಲೂ ಬಂದರೆ ಪರ್ಸೆಂಟೈಲ್ ಒಂದೇ ಇರುವುದಿಲ್ಲ. ಆದ್ದರಿಂದ ಅಂಕದ ಪಕ್ಕದ ಕಾಲಂ ನೋಡದೆ "ವರ್ಬಲ್ ಹೋಯಿತು" ಎನ್ನಬೇಡಿ.

ಮೂರನೆಯದು ಟಾಲರೆನ್ಸ್. ಇಲ್ಲಿ ಕಾರಿನ ಬಿಡಿಭಾಗ ಮಾಡುವವರು ಬಹಳ ಮಂದಿ ಇದ್ದೀರಿ, ನಿಮಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. ಯಾವ ಅಳತೆಗೂ ಪ್ಲಸ್ ಮೈನಸ್ ಇರುತ್ತದೆ. ಜಿಮ್ಯಾಟ್ ಒಟ್ಟು ಸ್ಕೋರಿಗೆ ಅದು ಸುಮಾರು 30ರಿಂದ 40 ಅಂಕ. 655 ಬಂದವರಿಗೂ 675 ಬಂದವರಿಗೂ ನಿಜವಾದ ವ್ಯತ್ಯಾಸ ಇದೆಯೋ ಇಲ್ಲವೋ ಆ ಒಂದು ಪರೀಕ್ಷೆಯಿಂದ ಹೇಳಲು ಬರುವುದಿಲ್ಲ. ಶಾಲೆಗಳು ಪ್ರಕಟಿಸುವ ಸರಾಸರಿಯನ್ನೂ ಹೀಗೇ ಓದಿ. ಸರಾಸರಿ ಎಂದರೆ ಕನಿಷ್ಠ ಅರ್ಹತೆ ಅಲ್ಲ, ಅದಕ್ಕಿಂತ ಕಡಿಮೆ ಬಂದವರೂ ಆ ತರಗತಿಯಲ್ಲಿ ಕೂತಿದ್ದಾರೆ. ಎಷ್ಟರಿಂದ ಎಷ್ಟರವರೆಗೆ ತೆಗೆದುಕೊಂಡಿದ್ದಾರೆ ಎಂಬುದನ್ನು ಹುಡುಕಿ.

ಹಾಗಾದರೆ ಮತ್ತೆ ಬರೆಯಬೇಕೇ? 16 ದಿನ ಬಿಟ್ಟು ಬರೆಯಬಹುದು, 12 ತಿಂಗಳಲ್ಲಿ ಐದು ಸಲ ಅವಕಾಶ ಇದೆ. ಯಾವ ಸ್ಕೋರ್ ಕಳಿಸಬೇಕೆಂದು ಆರಿಸುವವರು ನೀವೇ. ನಿಮ್ಮ ಸ್ಕೋರ್ ಶಾಲೆಯ ವ್ಯಾಪ್ತಿಗಿಂತ ಕೆಳಗಿದ್ದರೆ, ಅಥವಾ ಪ್ರಾಕ್ಟೀಸ್ ಪರೀಕ್ಷೆಗಳಲ್ಲಿ ಸತತವಾಗಿ 40 ಅಂಕಕ್ಕಿಂತ ಹೆಚ್ಚು ಬರುತ್ತಿದ್ದರೆ ಬರೆಯಿರಿ. ಬರೀ 10, 20 ಅಂಕಕ್ಕಾಗಿ ಮೂರು ತಿಂಗಳ ಶನಿವಾರಗಳನ್ನು ಕಳೆಯಬೇಡಿ. ಆ ಸಮಯವನ್ನು ಅರ್ಜಿಯ ಪ್ರಬಂಧಕ್ಕೂ ಶಿಫಾರಸು ಪತ್ರಕ್ಕೂ ಕೊಡಿ.

ಇನ್ನು ನನ್ನ ಕಸುಬಿನ ಮಾತು. ಎಚ್-1ಬಿ ಇರುವವರು ಕೆಲಸ ಬಿಟ್ಟು ಪೂರ್ಣಾವಧಿ ಸೇರಿದರೆ ಎಫ್-1ಗೆ ಬದಲಾಗಬೇಕು. ಫೀಸಿನ ಜೊತೆಗೆ ಎರಡು ವರ್ಷದ ಸಂಬಳವನ್ನೂ ಖರ್ಚಿನ ಕಡೆ ಬರೆಯಿರಿ. ಕೆಲಸದಲ್ಲಿದ್ದುಕೊಂಡೇ ಸಂಜೆ, ವಾರಾಂತ್ಯ ಓದಲು ಎಚ್-1ಬಿಯಲ್ಲಿ ಅಡ್ಡಿಯಿಲ್ಲ. ಕಂಪನಿ ಓದಿಗೆ ಕೊಡುವ ನೆರವಿನಲ್ಲಿ ವರ್ಷಕ್ಕೆ 5,250 ಡಾಲರ್‌ವರೆಗೆ ಫೆಡರಲ್ ಆದಾಯ ತೆರಿಗೆ ಬೀಳದಂತೆ ಪಡೆಯಲು ಕಾನೂನಿನಲ್ಲಿ ದಾರಿ ಇದೆ. ಎಚ್-4ನಲ್ಲಿರುವ ಅಕ್ಕ ತಂಗಿಯರೂ ಕಾಲೇಜು ಸೇರಬಹುದು. ಕೆಲಸದ ಅನುಭವ ನೋಡಿ ಪರೀಕ್ಷೆಯನ್ನೇ ಮಾಫಿ ಮಾಡುವ ಶಾಲೆಗಳೂ ಇವೆ, ಫೀಸು ಕಟ್ಟುವ ಮುಂಚೆ ಒಂದು ಇಮೇಲ್ ಹಾಕಿ ಕೇಳಿ.

ಸ್ಕೋರ್ ಬಂದ ದಿನ ಮಾತ್ರ ಏನನ್ನೂ ತೀರ್ಮಾನಿಸಬೇಡಿ. ಯಾವ ಅಳತೆಗೋಲು, ಯಾವ ಪರ್ಸೆಂಟೈಲ್, ಎಷ್ಟು ಪ್ಲಸ್ ಮೈನಸ್ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅದರ ಕೆಳಗೆ ಮನೆಯ ಲೆಕ್ಕ ಬರೆಯಿರಿ. ಎರಡನ್ನೂ ಗಂಡ ಹೆಂಡತಿ ಇಬ್ಬರೂ ಕೂತು ಓದಿ. ಪ್ರಶ್ನೆಗಳಿದ್ದರೆ ಊಟದ ಹೊತ್ತಿಗೆ ಸಿಗುತ್ತೇನೆ.