ಭೀಮಾತೀರದಿಂದ ಕಂಡ ನೌಕಾಪಡೆ

ಆಳಂದ, ಅಫಜಲಪುರ, ಜೇವರ್ಗಿಯ ಕೇಳುಗರಿಗೆ ನೌಕಾಪಡೆಯ ವಿಚಾರ ದೂರದ್ದೆನಿಸುವುದು ಸಹಜ. ನಾವು ಬಲ್ಲ ನೀರೆಂದರೆ ಭೀಮೆ, ಅಮರ್ಜೆ. ಅವೂ ಬೇಸಿಗೆಯಲ್ಲಿ ಬಡವಾಗುವ ಹೊಳೆಗಳು. ಆದರೂ ನಮ್ಮ ಹೊಲಕ್ಕೂ ಕಡಲಿಗೂ ಗಾಢವಾದ ನಂಟಿದೆ. ಪೊಟ್ಯಾಷ್ ಗೊಬ್ಬರವೂ ಡೀಸೆಲ್ಲಿನ ಮೂಲವಾದ ಕಚ್ಚಾ ತೈಲವೂ ಬಹುಪಾಲು ಹಡಗುಗಳಲ್ಲಿಯೇ ಬರುತ್ತವೆ. ನಮ್ಮ ತೊಗರಿಯೊಡನೆ ಪೈಪೋಟಿಗಿಳಿಯುವ ಮೊಜಾಂಬಿಕ್, ಮ್ಯಾನ್ಮಾರ್‌ಗಳ ತೊಗರಿಗೂ ಅದೇ ಹಾದಿ. ತೂಕದ ಲೆಕ್ಕದಲ್ಲಿ ದೇಶದ ವಿದೇಶ ವ್ಯಾಪಾರದ ಶೇಕಡಾ 95ರಷ್ಟು ಕಡಲನ್ನು ನಂಬಿದೆ.

ಆ ಹಾದಿಯ ಕಾವಲುಗಾರರಲ್ಲಿ ಧೈರ್ಯಕ್ಕೆ ಕೊರತೆಯಿಲ್ಲ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ತೊಡಗಿ, ಎಷ್ಟೋ ಹಡಗುಗಳು ಆಫ್ರಿಕಾ ಖಂಡವನ್ನೇ ಬಳಸಿ ಬರಬೇಕಾಯಿತು. ಸಾಗಣೆಯ ವೆಚ್ಚವೂ ಏರಿತು. ಅದೇ ಹೊತ್ತಿಗೆ ಕಡಲ್ಗಳ್ಳರೂ ತಲೆಯೆತ್ತಿದರು. 2024ರ ಮಾರ್ಚಿನಲ್ಲಿ ನಮ್ಮ ನೌಕಾಪಡೆಯು 'ರುಯೆನ್' ಎಂಬ ಹಡಗಿನಲ್ಲಿ 35 ಮಂದಿ ಕಳ್ಳರನ್ನು ಸೆರೆಹಿಡಿದು, 17 ನಾವಿಕರನ್ನು ಬಿಡಿಸಿತು.

ಕೊರತೆಯಿರುವುದು ಕಾಲದ ಪಾಲನೆಯಲ್ಲಿ. ಮುಂಬಯಿಯ ಮಜಗಾಂವ್ ಹಡಗುಕಟ್ಟೆಯು 1994ರಲ್ಲಿ 'ಶಂಕುಲ್' ಎಂಬ ಜಲಾಂತರ್ಗಾಮಿಯನ್ನು ಪಡೆಗೆ ಒಪ್ಪಿಸಿತು. ಬಳಿಕ ವರ್ಷಗಟ್ಟಲೆ ಅಂಥ ಕೆಲಸವೇ ದೊರೆಯದೆ ಕಲಿತ ಕೈಗಳು ಚದುರಿದವು. ಕುಲುಮೆ ಒಮ್ಮೆ ಆರಿದರೆ ಮತ್ತೆ ಕಾಯಿಸಲು ಎಷ್ಟು ಇದ್ದಿಲು ಬೇಕೆಂಬುದನ್ನು ನಮ್ಮ ಕಮ್ಮಾರರು ಬಲ್ಲರು. 1999ರಲ್ಲಿ 30 ವರ್ಷಗಳಿಗೆ 24 ಜಲಾಂತರ್ಗಾಮಿಗಳ ಯೋಜನೆ ಒಪ್ಪಿಗೆ ಪಡೆಯಿತು. 'ಕಲ್ವರಿ' ಪಡೆಗೆ ಸೇರಿದ್ದು 2017ರಲ್ಲಿ. ಆ ಸಾಲಿನ ಆರನೆಯದೂ ಕೊನೆಯದೂ ಆದ 'ವಾಗ್ಶೀರ್' 2025ರ ಜನವರಿಯಲ್ಲಿ. ಕೊಚ್ಚಿಯಲ್ಲಿ 2009ರಲ್ಲಿ ಅಡಿಪಾಯ ಕಂಡ ವಿಮಾನವಾಹಕ ನೌಕೆ 'ವಿಕ್ರಾಂತ್' 2022ರಲ್ಲಿ ಸಿದ್ಧವಾಯಿತು. ಅದು ನಮ್ಮ ಸಾಮರ್ಥ್ಯಕ್ಕೆ ಸಾಕ್ಷಿ. ನಮ್ಮ ವಿಳಂಬಕ್ಕೂ ಸಾಕ್ಷಿ.

ಈ ವಿಳಂಬ ದಡದಲ್ಲಿಯೂ ಉಂಟು. ಕನ್ನಡ ನಾಡಿನ ಕಾರವಾರದಲ್ಲಿ 1986ರಲ್ಲಿ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು. ಬನವಾಸಿಯ ಅರಸು ಮನೆತನದ ಹೆಸರು ಹೊತ್ತ 'ಕದಂಬ' ನೆಲೆ ಕಾರ್ಯಾರಂಭ ಮಾಡಿದ್ದು 2005ರಲ್ಲಿ. ಅದಕ್ಕಾಗಿ ಮನೆ, ಗದ್ದೆ, ಮೀನುಗಾರಿಕೆಯ ತೀರಗಳನ್ನು ಬಿಟ್ಟು ಬಂದ ಕುಟುಂಬಗಳು ಸಾವಿರಾರು. ಅವರಲ್ಲಿ ಅನೇಕರು ನ್ಯಾಯವಾದ ಪರಿಹಾರಕ್ಕಾಗಿ ದಶಕಗಳ ಕಾಲ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ದೇಶದ ರಕ್ಷಣೆಗೆ ನೆಲ ಕೊಟ್ಟವರನ್ನು ಕಾಯಿಸುವುದು ರಕ್ಷಣೆಯ ಮಾತಿಗೆ ಶೋಭೆಯಲ್ಲ.

ಆದುದರಿಂದ ಮುಂದಿನ ದಾರಿ ಕೇವಲ ಹಡಗುಗಳ ಸಂಖ್ಯೆಯದಲ್ಲ. ಒಂದು ಹಡಗು ನೀರಿಗಿಳಿಯುವ ಮುನ್ನವೇ ಇನ್ನೊಂದರ ಕೆಲಸ ಹಡಗುಕಟ್ಟೆಗೆ ದೊರೆಯಬೇಕು. ನೆಲ ತೆಗೆದುಕೊಳ್ಳುವ ಹೊತ್ತಿಗೇ ಪರಿಹಾರ ಕೈಸೇರಬೇಕು. ನೌಕಾಪಡೆಗೆಂದು ಎಷ್ಟು ಕೋಟಿ ಘೋಷಣೆಯಾಯಿತೆಂಬ ವಾರ್ತೆಯನ್ನು ಕೇಳಿದಾಗ, ಏನು ಯಾವಾಗ ಮುಗಿಯುತ್ತದೆ ಎಂದು ವಿಚಾರಿಸುವ ಹಕ್ಕು ಜೇವರ್ಗಿಯ ರೈತನಿಗೂ ಇದೆ. ಅವನ ಗೊಬ್ಬರವೂ ಆ ಕಡಲಿನ ಮೇಲೆಯೇ ಬರುತ್ತಿದೆ.